ದೊಡ್ಡಮ್ಮನ ಕೈ, ದುರ್ಗಾಳ ಪೆಟ್ಟಿಗೆ

ರಾಮಾಂಜಿಯ ಫೋನು ಬಂದಾಗ ದುರ್ಗಾ ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ಒಂದು ಹೊಲಿಗೆ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳಿಸದೆ, ಫೋನು ಕಿವಿಗೊತ್ತಿಕೊಂಡು ಬಟ್ಟೆ ಮೂಟೆಗಳ ಹಿಂದಕ್ಕೆ ಹೋದಳು.

"ಅಕ್ಕಾ, ನೀನು ಮಾಡ್ಕೊಟ್ಟ ಪೆಟ್ಟಿಗೆಗೆ ದೆವ್ವ ಹಿಡ್ದೈತೆ," ಎಂದ ರಾಮಾಂಜಿ. "ಬೆಳಗ್ಗೆ ಹೊತ್ತು ಫ್ಯಾನುಗಳು ಹೆಲಿಕಾಪ್ಟರ್ ಎದ್ದಂಗೆ ಎದ್ಬಿಡ್ತವೆ. ಮಧ್ಯಾನಕ್ಕೆ ತಾವೇ ಸುಮ್ಕಾಯ್ತವೆ. ಆ ಗಾಳಿಗೆ ಸೊಪ್ಪೆಲ್ಲ ಹಪ್ಪಳ. ಹುಳ ಬಾಯೇ ಇಕ್ತಿಲ್ಲ."

"ಮೀಟರು ಇಟ್ಟು ನೋಡಿದ್ಯೇನೋ?"

"ಹನ್ನೆರಡು ಇರ್ಬೇಕಾದ ಕಡೆ ಹದಿನಾರು ಅಂತೈತೆ." ಆ ಕಡೆ ಉಸಿರು ಕೇಳಿಸಿತು. "ಅದ್ಕಿಂತ ದೊಡ್ಡ ತಾಪತ್ರಯ ಅವ್ವಂದು. ಹುಳದ ಮನೆಗೆ ಕಾಲೇ ಇಡ್ತಿಲ್ಲ. ನನ್ನ ಕೈ ತಾಕಿದ್ಕೇ ಹಿಂಗಾಯ್ತು ಅಂತ ಹೊಂಗೆ ಮರದ ಕೆಳಗೆ ಕುಂತವ್ಳೆ. ಸೊಪ್ಪೂ ಮುಟ್ತಿಲ್ಲ."

ದುರ್ಗಾಳಿಗೆ ವೋಲ್ಟಿನ ಮಾತು ಮರೆತೇ ಹೋಯಿತು.

ಮಡಕಶಿರದ ಕಡೆಯ ಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಕಾಟಮ್ಮ, ರಾಮಾಂಜಿಯ ಅವ್ವ, ದುರ್ಗಾಳಿಗೆ ದೊಡ್ಡಮ್ಮ, ತಾಯಿಯ ಅಕ್ಕ. ಹೆತ್ತವಳು ಬೇಗ ಕಣ್ಣು ಮುಚ್ಚಿದಳು; ಎತ್ತಿ ಆಡಿಸಿದವಳು, ತಲೆ ಬಾಚಿದವಳು, ಹೊಡೆದವಳು, ಹೊಡೆದು ತಾನೇ ಅತ್ತವಳು, ಎಲ್ಲ ಕಾಟಮ್ಮನೇ. ದುರ್ಗಾ ಐಟಿಐ ಸೇರುತ್ತೇನೆಂದಾಗ, ಹೆಣ್ಣುಮಗಳಿಗೆ ಸ್ಕ್ರೂಡ್ರೈವರು ಯಾಕೆ ಎಂದು ಅಮರಾಪುರದ ನೆಂಟರೆಲ್ಲ ನಕ್ಕಿದ್ದರು. "ಸೌಟು ತಿರುಗ್ಸೋ ಕೈ ಸ್ಕ್ರೂ ತಿರುಗ್ಸಲ್ವಾ? ಹೋಗೇ ನೀನು," ಎಂದು ಕಾಟಮ್ಮ ಬುತ್ತಿ ಕಟ್ಟಿ ಕಳಿಸಿದ್ದಳು. ರಾಯದುರ್ಗದಲ್ಲಿ ಕೆಲಸ ಸಿಕ್ಕಿದ ಮೇಲೂ ದುರ್ಗಾಳಿಗೆ ಒಂದೇ ಕೊರಗು: ಈ ಕೈಗಳಿಗೆ ನಾನು ಏನು ತಿರುಗಿ ಕೊಟ್ಟೇನು? ಸೀರೆ ಕೊಟ್ಟರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಹೆಂಗಸು.

ಹಾಗಿರುವಾಗ ದಾರಿ ತಾನಾಗಿ ತೆರೆಯಿತು. ಬೇಸಿಗೆಯಲ್ಲಿ ಹುಳಕ್ಕೆ ಸೆಕೆ ತಡೆಯದು. ಊರಲ್ಲಿ ಕರೆಂಟು ಬೇಕಾದಾಗ ಇರದು. ರಾಮಾಂಜಿ ಎರಡು ಲಾರಿ ಬ್ಯಾಟರಿಗಳನ್ನು ಜೋಡಿಸಿ, ಸೋಲಾರ್ ಹಲಗೆ ಹೂಡಿ, ಗುಜರಿಯಿಂದ ಕಾರಿನ ಫ್ಯಾನುಗಳನ್ನು ತಂದು ಹುಳದ ಮನೆಗೆ ಕಟ್ಟಿದ. ಜೋಡಿ ಬ್ಯಾಟರಿ ಇಪ್ಪತ್ನಾಲ್ಕು ವೋಲ್ಟು; ಕಾರಿನ ಫ್ಯಾನು ಕೇಳುವುದು ಹನ್ನೆರಡು. ಅವನು ಜಾಣತನ ಮಾಡಿ ಒಂದು ಬ್ಯಾಟರಿಗೆ ಮಾತ್ರ ಫ್ಯಾನು ಸಿಕ್ಕಿಸಿದ್ದ. ಹಬ್ಬಕ್ಕೆ ಬಂದ ದುರ್ಗಾ ನೋಡಿ ತಲೆ ಚಚ್ಚಿಕೊಂಡಳು.

"ಲೋ, ಜೋಡೆತ್ತಿನ ಗಾಡೀಲಿ ಒಂದೇ ಎತ್ತಿನ ಕೈಲಿ ಎಳೆಸ್ತಾ ಇದ್ದೀಯ. ಇನ್ನೊಂದು ಮೇಯ್ತಾ ಕೊಬ್ಬುತ್ತೆ, ಇದು ಬಡವಾಗಿ ಬೀಳುತ್ತೆ. ಎರಡರಿಂದಲೂ ಸಮ ತಗೊಂಡು, ಇಪ್ಪತ್ನಾಲ್ಕನ್ನ ಹನ್ನೆರಡಕ್ಕೆ ಇಳಿಸೋ ಪೆಟ್ಟಿಗೆ ಬೇಕು. ನಾನು ಮಾಡಿ ತರ್ತೀನಿ, ತಡಿ."

ಅಂದದ್ದು ಸುಲಭ. ಮೊದಲು ಮಾಡಿದ ಪೆಟ್ಟಿಗೆ ಹೆಚ್ಚಾದ ವೋಲ್ಟನ್ನೆಲ್ಲ ಬಿಸಿ ಮಾಡಿ ಕಳೆಯುವಂಥದು. ಅದರ ಅಲ್ಯೂಮಿನಿಯಂ ರೆಕ್ಕೆಯ ಮೇಲೆ ರೊಟ್ಟಿ ಸುಡಬಹುದಿತ್ತು. ಯೂನಿಟ್ಟುಗಳ ಯಂತ್ರದ ಬೋರ್ಡುಗಳನ್ನೆಲ್ಲ ರಿಪೇರಿ ಮಾಡುವ ಪಾಲಯ್ಯ, ದುರ್ಗಾಳಿಗೆ ಕೆಲಸ ಕಲಿಸಿದ ಮನುಷ್ಯ, ಅದನ್ನು ಬೆರಳ ತುದಿಯಲ್ಲಿ ಮುಟ್ಟಿ ಕೈ ಹಿಂದಕ್ಕೆಳೆದುಕೊಂಡ.

"ಇದೇನವ್ವಾ, ಬ್ರೇಕ್ ಹಿಡಕೊಂಡು ಸೈಕಲ್ ತುಳದಂಗಾತಲ್ಲ! ಅರ್ಧ ಬ್ಯಾಟರಿ ಬೆಂಕಿಗೇ ಹೋಗ್ತೈತಿ. ಬಾ ಇಲ್ಲಿ."

ಮೂಲೆಯಲ್ಲಿದ್ದ ಹಳೆಯ ಕಾಲ್ತುಳಿತದ ಹೊಲಿಗೆ ಯಂತ್ರದ ಮುಂದೆ ಅವಳನ್ನು ಕೂರಿಸಿದ. "ತುಳಿ. ಈಗ ಬಿಡು. ಚಕ್ರ ನಿಂತೈತೇನು?"

"ಇಲ್ರಿ. ತಿರುಗ್ತಾನೇ ಐತಿ."

"ಯಾಕ? ತುಳದದ್ದನ್ನ ಚಕ್ರ ತನ್ನೊಳಗ ಇಟ್ಟುಕೊಂಡೈತಿ, ಬಿಟ್ಟಾಗ ಕೊಡ್ತೈತಿ. ಪೂರಾ ತುಳದ್ರ ಪೂರಾ ಓಟ. ಅರ್ಧ ಹೊತ್ತು ತುಳದು ಅರ್ಧ ಹೊತ್ತು ಬಿಟ್ರ?"

"ಅರ್ಧ ಓಟ."

"ಅಷ್ಟೇನವ್ವಾ! ಇಪ್ಪತ್ನಾಲ್ಕನ್ನ ಪಟಪಟ ತೆರಿ, ಪಟಪಟ ಮುಚ್ಚು, ಸೆಕೆಂಡಿನಾಗ ಸಾವಿರಾರು ಸಲ. ತಾಮ್ರದ ಸುರುಳಿ ಐತಲ್ಲ, ಅದು ನಿನ್ನ ಚಕ್ರ. ತೆರದಾಗ ತುಂಬಿಕೋತೈತಿ, ಮುಚ್ಚಿದಾಗ ಬಿಡ್ತೈತಿ. ಹಿಂದಕ ಹೋಗದಂಗ ದಾರಿ ತೋರಸಾಕ ಒಂದು ಡಯೋಡು. ಕುಲುಕಾಟ ಅಡಗಿಸಾಕ ಒಂದು ಕೆಪಾಸಿಟರು, ಮನಿ ಮುಂದಿನ ತೊಟ್ಟಿ ಇದ್ದಂಗ. ಯಾವುದೂ ಸುಡಂಗಿಲ್ಲ, ಯಾವುದೂ ಹಾಳಾಗಂಗಿಲ್ಲ."

ದುರ್ಗಾ ಆ ಹೊತ್ತು ತುಳಿಯುತ್ತ ಬಿಡುತ್ತ, ತುಳಿಯುತ್ತ ಬಿಡುತ್ತ, ಮಕ್ಕಳ ಹಾಗೆ ಕೂತೇ ಇದ್ದಳು. ಐಟಿಐನಲ್ಲಿ ಗೆರೆ ಎಳೆದು ಸೂತ್ರ ಬರೆದು ಪಾಸಾದ ಪಾಠ ಅಂದು ಅವಳ ಕಾಲಿನಿಂದ ತಲೆಗೆ ಹತ್ತಿತು. ಯಾವ ಜನ್ಮದ ಪುಣ್ಯಕ್ಕೆ ಇಂಥ ಗುರು ಸಿಕ್ಕಿದನೋ ಎಂದುಕೊಂಡಳು. ಬಾಯಿಬಿಟ್ಟು ಹೇಳಿದರೆ ಮಾತ್ರ ಆತ, "ಚಾ ಹೇಳು ಮೊದಲು," ಎನ್ನುತ್ತಿದ್ದ.

ಹಾಗೆ ಹುಟ್ಟಿದ ಪೆಟ್ಟಿಗೆ ಅದು. ಸುರುಳಿಯನ್ನು ಅವಳೇ ಸುತ್ತಿದಳು. ಕೊನೆಗೆ ಎಷ್ಟು ವೋಲ್ಟು ಹೊರಡಬೇಕೆಂದು ತಿದ್ದಿಕೊಳ್ಳಲು, ನೆತ್ತಿಯ ಮೇಲೆ ಹಿತ್ತಾಳೆಯ ತಿರುಪು ಇರುವ ಪುಟ್ಟ ನೀಲಿ ಡಬ್ಬಿಯನ್ನು ಕೂರಿಸಿದಳು. ಮೇಜಿನ ಮೇಲೆ ಇಡೀ ವಾರ ಓಡಿಸಿದರೂ ಹನ್ನೆರಡು ಹನ್ನೆರಡೇ.

ಮಡಕಶಿರದ ಕಡೆ ಅದನ್ನು ತಂದು ಕಟ್ಟಿದ ದಿನ ಪೂಜೆಯಾಯಿತು. ಹೊಸ ನೇಗಿಲಿರಲಿ, ಮೋಟರಿರಲಿ, ಬೊಟ್ಟಿಡದೆ ಚಾಲೂ ಮಾಡುವ ಪದ್ಧತಿ ಆ ಕಡೆ ಇಲ್ಲ. ಪಕ್ಕದ ಮನೆಯ ಪಾಪಕ್ಕ ಮುತ್ತೈದೆಯೆಂದು ತಾನೇ ಅರಿಶಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಬಂದಳು. ದುರ್ಗಾ ನಗುನಗುತ್ತಲೇ ಆ ತಟ್ಟೆಯನ್ನು ತೆಗೆದು ದೊಡ್ಡಮ್ಮನ ಕೈಗಿಟ್ಟಳು.

ಗಂಡ ಕದರಪ್ಪ ತೀರಿಕೊಂಡ ಮೇಲೆ ಕಾಟಮ್ಮ ಕುಂಕುಮ ಮುಟ್ಟಿದವಳಲ್ಲ. "ಬ್ಯಾಡ ಕಣೇ, ನನ್ನ ಕೈಲಿ ಬ್ಯಾಡ," ಎಂದು ಹಿಂದೆ ಸರಿದಳು.

"ನನ್ನ ಸಾಕಿದ ಕೈ ಅದು. ಇದನ್ನ ಮಾಡಿದ್ದು ನಾನು. ನೀನಲ್ದೆ ಇನ್ಯಾರು ಇಡ್ಬೇಕು?" ಎಂದು ದುರ್ಗಾ ಹಟ ಹಿಡಿದಳು.

ಕಾಟಮ್ಮನ ಕಣ್ಣು ತುಂಬಿತ್ತು. ಅರಿಶಿನ ಕುಂಕುಮವನ್ನು ನೀರಲ್ಲಿ ಕಲಸಿ, ಪೆಟ್ಟಿಗೆಯ ಬಾಯಿ ತೆರೆದಿದ್ದುದರಿಂದ, ಹಣೆಯಂತೆ ಕಂಡ ಆ ನೀಲಿ ಡಬ್ಬಿಗೇ ದಪ್ಪ ಬೊಟ್ಟಿಟ್ಟಳು. ಬೊಟ್ಟು ಇಳಿದು ಡಬ್ಬಿಯ ಕಾಲುಗಳವರೆಗೂ ಹರಿಯಿತು. ದುರ್ಗಾ ಒರೆಸಲಿಲ್ಲ. ಒರೆಸಲು ಮನಸ್ಸಾದರೂ ಹೇಗೆ ಬರಬೇಕು? ಹಾಗೇ ಮುಚ್ಚಳ ಹಾಕಿದಳು. ಫ್ಯಾನುಗಳು ಮೆಲ್ಲಗೆ ತಿರುಗಿದವು. ಪಾಪಕ್ಕ ಪ್ರಸಾದವನ್ನೂ ಮುಟ್ಟದೆ ಎದ್ದು ಹೋದಳು.

ಈಗ ಆ ಪೆಟ್ಟಿಗೆಯೇ ಕೆಟ್ಟಿತ್ತು.

ದುರ್ಗಾ ರಜೆ ಹೇಳಿ, ಉಪಕರಣದ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸುವಾಗ ಪಾಲಯ್ಯನಿಗೆ ಫೋನು ಹಚ್ಚಿ ಎಲ್ಲ ಹೇಳಿದಳು.

"ಸುರುಳಿ ಸುಟ್ಟೈತೇನ್ರಿ? ತೆರದು ಮುಚ್ಚೋ ಐಸಿ ಚಿಪ್ಪು ಹೋಗೈತೇನ್ರಿ?"

"ಸುಟ್ಟದ್ದು ಮಧ್ಯಾಹ್ನ ಸರಿ ಆಗಂಗಿಲ್ಲವ್ವಾ. ಮುಂಜಾನಿ ಕೆಡ್ತೈತಿ, ಮಧ್ಯಾಹ್ನ ಸರಿ ಆಗ್ತೈತಿ ಅಂದ್ರ, ಆ ಮನಿಯಾಗ ಮುಂಜಾನಿ ಏನು ಬದಲಾಗ್ತೈತಿ? ಪೆಟ್ಟಿಗಿ ಬಿಡು, ಮನಿ ನೋಡು."

ಉಳಿದ ದಾರಿಯುದ್ದಕ್ಕೂ ಅವಳು ಅದನ್ನೇ ಮೆಲುಕು ಹಾಕಿದಳು.

ಮಾರನೆಯ ಬೆಳಗ್ಗೆ ಹುಳದ ಮನೆಯ ಬಾಗಿಲಲ್ಲಿ, ಹುಳಕ್ಕೆ ಸೋಂಕು ತಾಗದಿರಲೆಂದು ಹಾಸಿದ ಸುಣ್ಣದ ಪುಡಿ ತುಳಿದು ಒಳಗೆ ಹೋದಾಗ, ಪಾಲಯ್ಯನ ಪ್ರಶ್ನೆಗೆ ಉತ್ತರ ತೇವದ ಗಾಳಿಯಾಗಿ ಮುಖಕ್ಕೇ ಬಡಿಯಿತು. ನಾಲ್ಕನೇ ಜ್ವರ ಎದ್ದ ಹುಳಗಳು. ಪೊರೆ ಕಳಚಲು ಹುಳ ಸುಮ್ಮನೆ ಕೂರುವುದಕ್ಕೆ ಆ ಕಡೆ ಜ್ವರವೆನ್ನುತ್ತಾರೆ; ನಾಲ್ಕನೆಯದು ಎದ್ದಿತೆಂದರೆ ಇನ್ನು ಗೂಡು ಕಟ್ಟುವವರೆಗೆ ಒಂದೇ ಸಮ ಮೇಯಬೇಕು. ಸೆಕೆಗೆಂದು ರಾಮಾಂಜಿ ಬೆಳಗ್ಗೆ ಬೆಳಗ್ಗೆ ಗೋಣಿತಟ್ಟು ನೆನೆಸಿ ಬಾಗಿಲು ಕಿಟಕಿಗೆಲ್ಲ ಇಳಿಬಿಡುತ್ತಿದ್ದ. ಪೆಟ್ಟಿಗೆ ಇದ್ದದ್ದು ಬಾಗಿಲ ಪಕ್ಕದಲ್ಲೇ, ನೀರು ತೊಟ್ಟಿಕ್ಕುವ ಗೋಣಿಯ ಮಗ್ಗುಲಲ್ಲೇ. ಫ್ಯಾನುಗಳು ಅರಚುತ್ತಿದ್ದವು. ಸೊಪ್ಪು ಸುರುಳಿ ಸುತ್ತಿಕೊಂಡಿತ್ತು. ಹುಳಗಳು ತಲೆಯೆತ್ತಿ ತಟ್ಟೆಯ ಅಂಚಿಗೆ ಹರಿದಿದ್ದವು.

ಮೀಟರು ಇಟ್ಟಳು. ಹದಿನಾರಕ್ಕೂ ಮೇಲೆ. ಮುಚ್ಚಳ ತೆಗೆದಳು. ದೊಡ್ಡಮ್ಮನ ಬೊಟ್ಟು ತೇವ ಕುಡಿದು ಕಪ್ಪುಗೆಂಪಾಗಿ, ಮೇಲೆ ಸುಣ್ಣದ ಧೂಳು ಕೂತು, ನೀಲಿ ಡಬ್ಬಿಯ ಕಾಲುಗಳ ನಡುವೆ ಕೆಸರಿನಂತೆ ಹಬ್ಬಿತ್ತು.

ದುರ್ಗಾ ಆ ಕೆಸರನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದಳು; ಒದ್ದೆಯಾಗಿತ್ತು. ಕೆಟ್ಟದ್ದು ಬೊಟ್ಟಿನಿಂದಲೇ. ದೊಡ್ಡಮ್ಮ ಹೆದರಿದ್ದೇ ನಿಜವೆಂಬಂತಿತ್ತು.

ಹೆಗಲ ಮೇಲಿಂದ ಇಣುಕಿದ ರಾಮಾಂಜಿ ಅರ್ಥಮಾಡಿಕೊಂಡ. "ಅಕ್ಕ, ಮೆಲ್ಲಗೆ ಒರೆಸ್ಬಿಡು. ವೈರು ಸಡಿಲ ಆಗಿತ್ತು ಅಂತ ಅವ್ವಂಗೆ ಹೇಳಾನ. ಮುಗೀತು."

ಅವಳಿಗೂ ಕ್ಷಣಕಾಲ ಹಾಗೇ ಅನ್ನಿಸಿತು. ಆದರೆ ಸಡಿಲ ವೈರಿನ ಮಾತನ್ನು ದೊಡ್ಡಮ್ಮ ನಂಬಿದಂತೆ ಮಾಡಿ ತಲೆದೂಗುತ್ತಾಳೆ. ಮುಂದೆ ಹುಳಕ್ಕೆ ಏನಾದರೂ, ಮೇಕೆಗೆ ಏನಾದರೂ, ಸೊಸೆ ಬಂದ ಮೇಲೆ ಅವಳಿಗೆ ಏನಾದರೂ, ಮತ್ತೆ ತನ್ನ ಕೈಯನ್ನೇ ನೋಡಿಕೊಳ್ಳುತ್ತಾಳೆ.

"ಫ್ಯಾನಿನ ವೈರು ಬಿಚ್ಚು. ಕಿಟಕಿ ಪೂರಾ ತೆಗಿ, ಈಗ ತಂಪೈತೆ, ಹುಳ ತಡೀತವೆ," ಎಂದಳು. "ಪೆಟ್ಟಿಗೇನ ದೊಡ್ಡಮ್ಮನ ಹತ್ರ ತಗೊಂಡ್ಹೋಗಾನ."

ಹೊಂಗೆ ಮರದ ಕೆಳಗೆ ಕಾಟಮ್ಮ ಎರಡೂ ಕೈಗಳನ್ನು ಮಡಿಲಲ್ಲಿ ಹುದುಗಿಸಿಕೊಂಡು ಕೂತಿದ್ದಳು, ಪರರ ಸಾಮಾನು ಕಾಯುವವಳ ಹಾಗೆ. ಅವಳೆದುರು ಪಾಪಕ್ಕ ನೀರಿನ ಕೊಡ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಬಂದ್ಯೇನವ್ವ ಇಂಜಿನಿಯರಮ್ಮ? ಊರಾಗೆ ಮುತ್ತೈದೇರು ಸತ್ತೋಗಿದ್ರಾ ಅಂತ ಅವತ್ತೇ ಅಂದ್ಕಂಡೆ. ರಾಯದುರ್ಗದ ನೀರು ಕುಡ್ದೋರಿಗೆ ನಮ್ಮ ಮಾತು ರುಚಿಸ್ತದಾ?"

"ಅವಳ್ನ ಬಯ್ಬ್ಯಾಡ ಪಾಪಕ್ಕ," ಎಂದಳು ಕಾಟಮ್ಮ. "ಕೂಸು ಪ್ರೀತಿಗೆ ಮಾಡ್ತು. ನನ್ನ ಬುದ್ಧಿಗೆ ಏನಾಗಿತ್ತು?"

ದುರ್ಗಾ ಬ್ಯಾಟರಿಯಿಂದ ಉದ್ದ ವೈರು ಎಳೆದು ತಂದು, ಪೆಟ್ಟಿಗೆಯನ್ನು ದೊಡ್ಡಮ್ಮನ ಮುಂದೆ ಚಪ್ಪಡಿಯ ಮೇಲಿಟ್ಟಳು. ತೆರೆದು ತೋರಿಸಿದಳು.

"ದೊಡ್ಡಮ್ಮ, ನೋಡು. ನೀನಿಟ್ಟ ಬೊಟ್ಟು. ಇದ್ರಿಂದಲೇ ಕೆಟ್ಟಿದ್ದು."

ರಾಮಾಂಜಿ ಹಲ್ಲು ಕಚ್ಚಿದ. ಪಾಪಕ್ಕ ಗೆದ್ದವಳಂತೆ ಸೆರಗು ಝಾಡಿಸಿದಳು. ಕಾಟಮ್ಮ ಕಣ್ಣು ಮುಚ್ಚಿಕೊಂಡಳು.

ದುರ್ಗಾ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ, ಡಬ್ಬಿಯ ಕಾಲುಗಳನ್ನು ಕಿವಿ ತೊಳೆಯುವ ಹಾಗೆ ನಾಜೂಕಾಗಿ ತೊಳೆದಳು. ಬಿಸಿಲಿಗೆ ಹಿಡಿದು ಆರಿಸಿ, ವೈರು ಕೊಟ್ಟಳು. ಮೀಟರು ಹನ್ನೆರಡಕ್ಕೆ ಬಂದು ನಿಂತಿತು.

"ಪಾಪಕ್ಕ, ಬಾ ಇಲ್ಲಿ. ಕೊಡದಾಗೆ ಬೆರಳು ಅದ್ಕೊಂಡು ಬಾ. ನಿನ್ನಷ್ಟು ಗಟ್ಟಿ ಮುತ್ತೈದೆ ಊರಾಗಿಲ್ಲ. ಇಲ್ಲಿ, ಈ ಎರಡು ಕಾಲುಗಳ ಮ್ಯಾಲೆ ಇಡು. ಏನೂ ಹೊಡಿಯಲ್ಲ."

"ನನ್ನ ಕೈ ಒಳ್ಳೇದು ಅಂತ ಈಗ ಗೊತ್ತಾಯ್ತಾ?" ಎನ್ನುತ್ತ ಪಾಪಕ್ಕ ಬಳೆ ಹಿಂದಕ್ಕೆ ಸರಿಸಿ, ಒದ್ದೆ ಬೆರಳನ್ನು ಇಟ್ಟಳು.

ಮೀಟರಿನ ಅಂಕಿಗಳು ಕುಣಿದವು. ಹದಿಮೂರು. ಹದಿನಾಲ್ಕು. ಹದಿನಾರು ದಾಟಿತು.

"ಏರ್ತಾ ಐತೆ!" ಎಂದು ರಾಮಾಂಜಿ ಕೂಗಿದ.

ಪಾಪಕ್ಕ ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. "ಅಯ್ಯೋ! ನನ್ನ ಗಂಡ ಗಟ್ಟಿಮುಟ್ಟಾಗವ್ನೆ ಕಣ್ರೋ! ಈಗ ತಾನೇ ಮುದ್ದೆ ಉಂಡು ಹೊಲಕ್ಕೋದ!"

"ಈ ಪೆಟ್ಟಿಗೆಗೆ ಯಾರ ಗಂಡ ಅವ್ನೆ, ಯಾರ ಗಂಡ ಇಲ್ಲ ಅಂತ ಗೊತ್ತಿಲ್ಲ ಪಾಪಕ್ಕ," ಎಂದಳು ದುರ್ಗಾ. "ಇದಕ್ಕೆ ತ್ಯಾವ ಒಂದೇ ಗೊತ್ತು."

ಕಾಟಮ್ಮ ಕಣ್ಣು ತೆರೆದಿದ್ದಳು. ಮೀಟರನ್ನೇ ನೋಡುತ್ತಿದ್ದಳು. "ಅದೆಂಗೆ?" ಎಂದಳು. ಬಹಳ ದಿನಕ್ಕೆ ಕೇಳಿಬಂದ ಅವಳ ನಿಜವಾದ ದನಿ ಅದು.

ದುರ್ಗಾ ಅವಳ ಪಕ್ಕಕ್ಕೆ ಸರಿದು ಕೂತಳು. "ಸಾರು ಮಾಡ್ವಾಗ ನೀನೇನು ಮಾಡ್ತೀಯ? ಸೌಟಲ್ಲಿ ಒಂದು ಹನಿ ಅಂಗೈಗೆ ಬಿಟ್ಕಂಡು ನೆಕ್ತೀಯ. ಸಪ್ಪೆ ಅನ್ನಿಸಿದ್ರೆ ಉಪ್ಪು ಹಾಕ್ತೀಯ, ಸರಿ ಅನ್ನಿಸಿದ್ರೆ ನಿಲ್ಲಿಸ್ತೀಯ. ಇದೂ ಹಂಗೇ. ತಾನು ಕೊಟ್ಟ ಕರೆಂಟ್ನ ಒಂದು ಹನಿ ತಾನೇ ರುಚಿ ನೋಡ್ತಾ ಇರ್ತದೆ. ಆ ಹನಿ ಬರೋ ದಾರಿ ಈ ನೀಲಿ ಡಬ್ಬಿ. ಈಗ ನೀನು ರುಚಿ ನೋಡೋ ಹನಿಗೆ ಯಾರೋ ಕಾಣ್ದಂಗೆ ನೀರು ಬೆರೆಸಿದ್ರು ಅನ್ನು. ಏನು ಮಾಡ್ತೀಯ?"

"ಸಪ್ಪೆ ಅಂತ ಇನ್ನಷ್ಟು ಉಪ್ಪು ಸುರೀತೀನಿ."

"ಪಾತ್ರೆ ತುಂಬಾ ಉಪ್ಪಾಗ್ತದೆ. ನಿನಗೆ ಮಾತ್ರ ಸಪ್ಪೆ. ಇದೂ ಅದನ್ನೇ ಮಾಡ್ತು. ಗೋಣಿ ತ್ಯಾವಕ್ಕೆ ಬೊಟ್ಟು ನೆಂದು ಹನಿ ಕರೆಂಟು ಪಕ್ಕಕ್ಕೆ ಸೋರ್ತು. ಕಮ್ಮಿ ಆಯ್ತು ಅಂತ ಪಾಪ ಇದು ಇನ್ನಷ್ಟು ಸುರೀತು. ಮಧ್ಯಾನ ಗೋಣಿ ಒಣಗಿದ್ಮೇಲೆ ಸರಿ ಹೋಗ್ತಿತ್ತು."

ಕಾಟಮ್ಮ ಮೀಟರನ್ನೂ ನೀಲಿ ಡಬ್ಬಿಯನ್ನೂ ಮತ್ತೆ ಮತ್ತೆ ನೋಡಿದಳು. ತಾಳ್ಮೆಯ ಹೆಂಗಸು, ಅರ್ಥವಾಗದ್ದನ್ನು ಅರ್ಥವಾಯಿತೆನ್ನುವವಳಲ್ಲ. "ಹಂಗಾದ್ರೆ ಪಾಪಕ್ಕ ಇಟ್ಟಿದ್ರೂ..."

"ಕೆಡ್ತಿತ್ತು. ನಾನಿಟ್ಟಿದ್ರೂ ಕೆಡ್ತಿತ್ತು. ಪೂಜಾರಪ್ಪ ಇಟ್ಟಿದ್ರೂ."

"ಮತ್ತೆ ತಪ್ಪು ಯಾರ್ದು?"

"ನಂದು. ಬ್ಯಾಟರಿ ಒಂಚೂರೂ ಸೋರ್ಬಾರ್ದು ಅಂತ ಆ ದಾರೀಲಿ ಕರೆಂಟ್ನ ತಡೆಯೋ ಬಲು ದೊಡ್ಡ ರೆಸಿಸ್ಟರು ಹಾಕಿದ್ದೆ. ಹನಿ ಬಲು ಸಣ್ಣ ಆಯ್ತು. ಅಷ್ಟು ಸಣ್ಣ ಹನಿಗೆ ಇಷ್ಟು ನೀರು ಬಿದ್ರೂ ರುಚಿ ಕೆಡ್ತದೆ. ಮ್ಯಾಲೆ ಒಂದು ಹೊದಿಕೇನೂ ಹೊದಿಸ್ಲಿಲ್ಲ. ಹುಳದ ಮನೆ ತ್ಯಾವದ ಮನೆ ಅಂತ ನಾನು ಹುಟ್ಟಿದಾಗಿಂದ ಗೊತ್ತು, ರಾಯದುರ್ಗದ ಒಣ ಮೇಜಿನ ಮ್ಯಾಲೆ ಕುಂತು ಮರ್ತೆ."

ಕರೆಂಟು ಇದ್ದ ಹೊತ್ತಿಗೆ ಬೆಸುಗೆ ಕಡ್ಡಿ ಕಾಯಿಸಿ, ಹೊಗೆ ಹುಳದ ಮನೆಗೆ ಹೋಗದಂತೆ ಗಾಳಿ ನೋಡಿಕೊಂಡು, ದುರ್ಗಾ ಸಣ್ಣ ರೆಸಿಸ್ಟರುಗಳನ್ನು ಕೂರಿಸಿದಳು. ಸ್ಪೀಕರಿಗಿಟ್ಟ ಫೋನಿನಲ್ಲಿ ಪಾಲಯ್ಯ ಎಲ್ಲ ಕೇಳಿ, "ಮ್ಯಾಲೆ ವಾರ್ನಿಶ್ ಬಳಿಯವ್ವಾ, ಇಲ್ಲಂದ್ರ ಉಗುರಿನ ಬಣ್ಣ ಆದ್ರೂ ನಡೀತೈತಿ," ಎಂದ.

ಮಾತು ಮುಗಿಯುವ ಮುಂಚೆ ಪಾಪಕ್ಕ ಎದ್ದಿದ್ದಳು. "ನಮ್ಮುಡುಗಿ ತಾವ ಐತೆ, ತತ್ತೀನಿ." ತಂದದ್ದು ಹೊಳೆಯುವ ಗುಲಾಬಿ ಬಣ್ಣ. "ಇದೇ ಇರೋದು. ನಡೀತದಾ?"

"ಬಂಗಾರದಂಗೆ ನಡೀತದೆ ಪಾಪಕ್ಕ. ನೀನು ತಂದದ್ದೇ ಉಪಕಾರ."

"ಸಾಕು ಬಿಡೇ," ಎಂದಳು ಪಾಪಕ್ಕ. ಆದರೆ ಹೋಗಲಿಲ್ಲ, ಕಾಟಮ್ಮನ ಪಕ್ಕದಲ್ಲೇ, ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. "ಕಾಟಕ್ಕ, ನಾನು ಏನೇನೋ ಅಂದೆ. ತಟ್ಟೆ ಕಿತ್ಕಂಡ್ಲಲ್ಲ ಅಂತ ಹೊಟ್ಟೇಲಿ ಸಿಟ್ಟು ಇಟ್ಕಂಡಿದ್ದೆ." ಕಾಟಮ್ಮ ಅವಳ ತೊಡೆ ತಟ್ಟಿದಳು, ಅಷ್ಟೇ.

ಬಣ್ಣ ಬಿಸಿಲಿಗೆ ಒಣಗಿ ಗಾಜಿನಂತಾಯಿತು. ಮತ್ತೆ ವೈರು ಕೊಟ್ಟು, ದುರ್ಗಾ ಮೀಟರನ್ನು ದೊಡ್ಡಮ್ಮನ ಕಡೆ ತಿರುಗಿಸಿದಳು.

"ಈಗ ನಿನ್ನ ಬೆರಳು ಇಡು."

ಕಾಟಮ್ಮ ಮಡಿಲಿಂದ ಬಲಗೈ ತೆಗೆದಳು. ಕೊಡಕ್ಕೆ ಅದ್ದಿದಳು. ಸೊಪ್ಪು ಕೊಯ್ದು ಕೊಯ್ದು ತುದಿ ಬಿರಿದ ತೋರುಬೆರಳು ಗುಲಾಬಿ ಹೊದಿಕೆಯ ಮೇಲೆ ಕೂತಿತು. ಹನ್ನೆರಡು. ಅವಳು ಬೆರಳು ತೆಗೆಯಲಿಲ್ಲ. ಒತ್ತಿದಳು. ನೀರು ತೊಟ್ಟಿಕ್ಕಿಸಿದಳು. ಹನ್ನೆರಡು ಹನ್ನೆರಡಾಗೇ ಇತ್ತು.

"ಆ ಪಾಲಯ್ಯಂಗೆ ಫೋನು ಹಚ್ಚು," ಎಂದಳು. ಹಚ್ಚಿಕೊಟ್ಟಾಗ ಫೋನನ್ನು ಎರಡೂ ಕೈಯಲ್ಲಿ ಹಿಡಿದು, "ಯಪ್ಪಾ, ನೀನು ನಮ್ಮ ಹುಡುಗಿಗೆ ಚೆನ್ನಾಗಿ ಕಲ್ಸಿದ್ದೀಯ. ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದಳು.

"ನಾ ಏನು ಕಲಿಸೇನವ್ವಾ," ಎಂದ ಆ ಕಡೆಯ ದನಿ ಯಾಕೋ ಒದ್ದೆಯಾಗಿತ್ತು. "ಸಾರಿನ ಮಾತು ನಾ ಹೇಳಿದ್ದಲ್ಲ. ಅದು ನಿಮ್ಮ ಅಡಿಗಿ ಮನಿಯಾಗ ಕಲಿತದ್ದು."

ಪೆಟ್ಟಿಗೆಯನ್ನು ಬಾಗಿಲ ಬಳಿಯಿಂದ ಒಳಗೋಡೆಗೆ, ಗೋಣಿಗಳಿಂದ ದೂರಕ್ಕೆ ಹಾಕಿದರು. ಫ್ಯಾನುಗಳು ಎಲೆ ಅಲುಗುವಷ್ಟೇ ತಿರುಗತೊಡಗಿದವು. ಬಾಗಿಲ ಕಡೆಯ ತಟ್ಟೆಗಳ ಹುಳ ಸೋತುಹೋಗಿದ್ದವು, ಕೆಲವು ಉಳಿಯಲಾರವು. ಒಳಗಿನ ತಟ್ಟೆಗಳಲ್ಲಿ ಇನ್ನೂ ಜೀವ ಗಟ್ಟಿಯಾಗಿತ್ತು. ರಾಮಾಂಜಿ ತೋಟದಿಂದ ಹೊಸ ಸೊಪ್ಪಿನ ಹೊರೆ ತಂದು ಹರಡಲು ಶುರುಮಾಡಿದ.

ಕಾಟಮ್ಮ ಬಾಗಿಲವರೆಗೆ ಬಂದು ನೋಡಿದಳು. ಕೈಕಾಲು ತೊಳೆದಳು, ಸುಣ್ಣದ ಪುಡಿ ತುಳಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏನ್ಲಾ ಇದು, ಕುರಿಗೆ ಎಸ್ದಂಗೆ ಎಸೀತಿದ್ದೀಯ? ಸರೀ ಅತ್ಲಾಗೆ," ಎಂಬ ದನಿ ಒಳಗಿಂದ ಕೇಳಿತು. "ಪಾಪಕ್ಕ, ನೀನೂ ಕೈ ತೊಳ್ಕಂಡು ಬಾರೆ, ಒಬ್ಬಳ್ಕೈಲಿ ಆಗಲ್ಲ. ದುರ್ಗೀ, ಅಲ್ಲಿ ನಿಂತು ಏನು ನೋಡ್ತೀಯ? ಆ ಮೂಲೆ ತಟ್ಟೆ ತಗಿ."

ದುರ್ಗಾ ಉಪಕರಣಗಳನ್ನು ಚೀಲಕ್ಕೆ ಹಾಕದೆ ಹಾಗೇ ಬಿಟ್ಟು, ಕೈ ತೊಳೆಯಲು ಓಡಿದಳು.